ಪ್ರತಿಕ್ರಿಯೆ: ಮನೋವೈದ್ಯರ ಸರ್ಟಿಫಿಕೇಟ್ ಕೊಟ್ಟರೂ ಬಾಗಲಕೋಟೆ ಕೋರ್ಟ್ ಯಾಕೆ ಒಪ್ಪಲಿಲ್ಲ?

ತಮ್ಮನ ಹಲ್ಲೆ ಕೇಸಿನಲ್ಲಿ ನೀವು ಕೊಟ್ಟ ಸರ್ಟಿಫಿಕೇಟ್ ‘ಸ್ಕಿಜೋಫ್ರೇನಿಯಾ ಇದೆ’ ಎಂದಷ್ಟೇ ಹೇಳುತ್ತದೆ. ಬರೆದ ಡಾಕ್ಟರ್ ಸಾಕ್ಷಿ ಹೇಳಲು ಬಂದಿಲ್ಲ. ಬಹುಶಃ ತೊಡಕು ಅದೇ. ಬುದ್ಧಿ ಸ್ವಾಧೀನದಲ್ಲಿಲ್ಲದವನ ಕೃತ್ಯ ಅಪರಾಧವಲ್ಲ ಎನ್ನುವ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 22ಕ್ಕೆ ಬರೀ ರೋಗ ಸಾಲದು. ಆ ರೋಗದಿಂದಾಗಿ, ಮಾಡುತ್ತಿರುವುದೇನು ಎಂದಾಗಲಿ ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದಾಗಲಿ ತಿಳಿಯುವ ಶಕ್ತಿ ಘಟನೆಯ ಹೊತ್ತಿಗೆ ಇರಲಿಲ್ಲ ಎಂದು ನೀವೇ ತೋರಿಸಬೇಕು. 2024ರ ಜುಲೈ 1ಕ್ಕೂ ಮೊದಲಿನ ಘಟನೆಯಾದರೆ ಇದೇ ನಿಯಮ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಕಲಂ 84ರಲ್ಲಿದೆ.

ಮೊದಲು ಓಪಿಡಿ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಔಷಧದ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಮಾತ್ರೆ ಬಿಟ್ಟಿದ್ದರೆ ಮುಚ್ಚಿಡಬೇಡ್ರಿ, ರೋಗ ಮರುಕಳಿಸಿದ್ದಕ್ಕೆ ಅದೇ ಆಧಾರವಾದೀತು. ಆಮೇಲೆ ಆಸ್ಪತ್ರೆಯ ಮೂಲ ಫೈಲಿನ ಸಮೇತ ಬರುವಂತೆ ಡಾಕ್ಟರಿಗೆ ಸಮನ್ಸ್ ಕೊಡಿಸಲು ವಕೀಲರು ಅರ್ಜಿ ಹಾಕಲಿ. ಅವತ್ತಿನ ಮಾತು, ವರ್ತನೆ ಕಂಡ ಮನೆಯವರು, ನೆರೆಯವರ ಸಾಕ್ಷಿಯೂ ಬೇಕು. ಹಲ್ಲೆಯ ನಂತರ ನಿಮ್ಮ ತಮ್ಮ ಓಡಿಹೋಗಿದ್ದರೆ, ಆಯುಧ ಅಡಗಿಸಿದ್ದರೆ ಕಷ್ಟ, ತಪ್ಪಿನ ಅರಿವಿತ್ತು ಎಂದಾಗುತ್ತದೆ. ಸರ್ಕಾರಿ ವಕೀಲರು ಹಿಡಿಯುವುದು ಅದನ್ನೇ.

ಈಗಲೂ ವಿಚಾರಣೆ ಆತನಿಗೆ ತಿಳಿಯುತ್ತಿಲ್ಲ ಎಂದಾದರೆ ಅದು ಬೇರೆ ಪ್ರಶ್ನೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 368ರಡಿ ಅರ್ಜಿ ಹಾಕಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿಸುವಂತೆ ಕೇಳಿ.