ಥರ್ಮೊಕೋಲ್ ಅಚ್ಚಿನಲ್ಲಿ ಕಾಂಕ್ರೀಟ್ ಗೋಡೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಿನಿಯಾಪೊಲಿಸ್ ಹೊರವಲಯದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ನೆಲಮಾಳಿಗೆಯ ಗೋಡೆಗೆ ಐಸಿಎಫ್ (ಇನ್ಸುಲೇಟೆಡ್ ಕಾಂಕ್ರೀಟ್ ಫಾರ್ಮ್, ಅಂದರೆ ಶಾಖರೋಧಕ ಅಚ್ಚು) ಬ್ಲಾಕ್ ಬಳಸೋಣ ಎಂದು ಪಾಯದ ಕಾಂಟ್ರಾಕ್ಟರ್ ಒತ್ತಾಯಿಸುತ್ತಿದ್ದಾರೆ. ಇದರಲ್ಲಿ ಲಾಭ ಅವರಿಗೋ ನಮಗೋ?

ಉತ್ತರ: ಇಬ್ಬರಿಗೂ ಇದೆ, ಆದರೆ ಬೇರೆ ಬೇರೆ ಕಡೆ. ನಾವು ಥರ್ಮೊಕೋಲ್ ಎನ್ನುವ ಇಪಿಎಸ್ ಫೋಮಿನ ಎರಡು ಹಲಗೆಗಳನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ಜೋಡಿಸಿದರೆ ಒಂದು ಐಸಿಎಫ್ ಬ್ಲಾಕ್. ಹಲಗೆಯ ದಪ್ಪ ಸುಮಾರು ಎರಡೂವರೆ ಇಂಚು. ಬ್ಲಾಕ್ ಸಾಮಾನ್ಯವಾಗಿ 48 ಇಂಚು ಉದ್ದ, 16 ಇಂಚು ಎತ್ತರ. ಕೆನಡಾದ ವರ್ನರ್ ಗ್ರೆಗೊರಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಬ್ಲಾಕಿನ ಅಳತೆಯೂ ಇದೇ. ನಡುವಿನ ಖಾಲಿ ಜಾಗಕ್ಕೆ ಕಂಬಿ ಇಟ್ಟು ಕಾಂಕ್ರೀಟ್ ಸುರಿಯುತ್ತಾರೆ. ಅಚ್ಚು ಗೋಡೆಯಲ್ಲೇ ಉಳಿಯುತ್ತದೆ.

ಶಟರಿಂಗ್ ಬಿಚ್ಚುವುದು, ತೊಳೆಯುವುದು, ಎಣ್ಣೆ ಹಚ್ಚುವುದು, ಲಾರಿಗೆ ಹೇರಿ ಮುಂದಿನ ಸೈಟಿಗೆ ಸಾಗಿಸುವುದು, ಇದೆಲ್ಲ ಕಾಂಟ್ರಾಕ್ಟರಿಗೆ ತಪ್ಪುತ್ತದೆ. ಬ್ಲಾಕ್ ಒಂದಕ್ಕೆ ಮೂರು ಕಿಲೋ ಆಸುಪಾಸಿನ ತೂಕ, ಹಾಗಾಗಿ ಕ್ರೇನ್ ಬೇಕಿಲ್ಲ. ಒಬ್ಬರೇ ಎತ್ತಿ ಜೋಡಿಸಬಹುದು. ಶಾಖರೋಧಕ ಹಾಕುವ ಕೆಲಸವೂ ಅವರ ಬಿಲ್ಲಿಗೇ ಸೇರುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ನೂರಾರು ಸಲ ಬಳಸುವ ಅಲ್ಯೂಮಿನಿಯಂ ಶಟರಿಂಗ್ ಸ್ವಂತಕ್ಕಿರುವವರು ಶಾಖರೋಧಕವೇ ಬೇಡದ ಬರಿಯ ಗೋಡೆ ಕಟ್ಟುವಾಗ ಐಸಿಎಫ್ ಅಗ್ಗವಾಗುವುದಿಲ್ಲ. ನಿಮ್ಮೂರಿನಂಥ ಚಳಿ ಪ್ರದೇಶದಲ್ಲಿ ನೆಲಮಾಳಿಗೆ ಗೋಡೆಗೆ ಹೇಗೂ ಶಾಖರೋಧಕ ಬೇಕು, ಆದ್ದರಿಂದಲೇ ಲೆಕ್ಕ ತಿರುಗುತ್ತದೆ. ಐದು ಇಂಚು ಫೋಮಿನಿಂದ ನಿಮಗೆ ಆರ್-20ಕ್ಕಿಂತ (ಆರ್ ಎಂದರೆ ಶಾಖ ತಡೆಯುವ ಶಕ್ತಿಯ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು) ಹೆಚ್ಚಿನ ತಡೆ ಸಿಗುತ್ತದೆ. ಒಳಗೋಡೆಗೆ ಮರದ ಚೌಕಟ್ಟೂ ಬೇಕಿಲ್ಲ, ಜಿಪ್ಸಮ್ ಬೋರ್ಡನ್ನು ಪ್ಲಾಸ್ಟಿಕ್ ಪಟ್ಟಿಗೇ ಸ್ಕ್ರೂ ಹಾಕಿ ನಿಲ್ಲಿಸಬಹುದು. ವಾಸದ ನೆಲಮಾಳಿಗೆಯಲ್ಲಿ ಫೋಮನ್ನು ತೆರೆದಿಡುವಂತಿಲ್ಲ. ಬೆಂಕಿಯ ಕಾರಣಕ್ಕೆ ಅರ್ಧ ಇಂಚಿನ ಜಿಪ್ಸಮ್ ಬೋರ್ಡ್ ಮುಚ್ಚಲೇಬೇಕು.

ಚಳಿಗಾಲದಲ್ಲಿ ಇನ್ನೊಂದು ದೊಡ್ಡ ಅನುಕೂಲ. ಕಾಂಕ್ರೀಟ್ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಫೋಮ್ ಅದನ್ನು ಹೊರಗೆ ಬಿಡುವುದಿಲ್ಲ. ಗೋಡೆಯ ನೆತ್ತಿಗೆ ಮಾತ್ರ ಕಂಬಳಿ ಹೊದಿಸಬೇಕು. ಕೆಳಗಿನ ಫೂಟಿಂಗ್ (ಗೋಡೆಯನ್ನು ಹೊರುವ ಅಗಲವಾದ ಕಾಂಕ್ರೀಟ್ ಬುಡ) ಹೆಪ್ಪುಗಟ್ಟಿದ್ದರೆ ಮಾತ್ರ ಸುರಿಯಲು ಬಿಡಬೇಡಿ. ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳ ಸುತ್ತ ಫೂಟಿಂಗ್ 42 ಇಂಚು ಆಳಕ್ಕೆ ಇಳಿಯಬೇಕೆಂಬ ನಿಯಮ ಐಸಿಎಫ್ ಗೋಡೆಗೂ ಅನ್ವಯಿಸುತ್ತದೆ.

ಪ್ರಶ್ನೆ: ಒಂಟಾರಿಯೊದಲ್ಲಿ ಪಾಯದ ಕಂಪನಿಯೊಂದರ ಸೈಟ್ ಮೇಲ್ವಿಚಾರಕನಾಗಿದ್ದೇನೆ. ಮೊದಲ ಐಸಿಎಫ್ ಕೆಲಸ ಬಂದಿದೆ. ಸುರಿಯುವಾಗ ಅಚ್ಚು ಒಡೆಯುತ್ತದೆ ಎಂದು ಹುಡುಗರು ಹೆದರಿದ್ದಾರೆ. ಹೇಗೆ ತಡೆಯುವುದು?

ಉತ್ತರ: ಒಡೆಯುವುದಕ್ಕೆ ಕಾರಣ ಹಸಿ ಕಾಂಕ್ರೀಟಿನ ಒತ್ತಡ. ನಾಲ್ಕು ಅಡಿ ಎತ್ತರ ತುಂಬಿದರೆ ಬುಡದಲ್ಲಿ ಚದರ ಅಡಿಗೆ 600 ಪೌಂಡ್. ಎಂಟು ಅಡಿಯನ್ನು ಒಂದೇ ಸಲ ತುಂಬಿದರೆ 1,200. ಅದಕ್ಕೇ ಇಡೀ ಮನೆಯ ಸುತ್ತ ಮೂರು–ನಾಲ್ಕು ಅಡಿಯ ಪದರದಲ್ಲಿ ಸುತ್ತು ಹೊಡೆಯಬೇಕು. ಮತ್ತೆ ಅದೇ ಜಾಗಕ್ಕೆ ಬರುವಷ್ಟರಲ್ಲಿ ಕೆಳಗಿನ ಪದರ ಸ್ವಲ್ಪ ಬಿಗಿದಿರುತ್ತದೆ. ಚಳಿಯಲ್ಲಿ ಬಿಗಿಯುವುದು ನಿಧಾನ, ಆಗ ಸುತ್ತಿನ ವೇಗ ಇಳಿಸಿ.

ನಿಜವಾದ ಕೆಲಸ ಅದಕ್ಕೂ ಮೊದಲೇ ಇದೆ. ಫೂಟಿಂಗಿನ ಲೆವೆಲ್ ಕಾಲು ಇಂಚಿಗಿಂತ ಆಚೀಚೆ ಇರಬಾರದು. ಬ್ಲಾಕುಗಳ ಮೊದಲ ವರಸೆ (ಸಾಲು) ಓರೆಯಾದರೆ ಮೇಲಿನ ಐದೂ ವರಸೆ ಓರೆ, ಆಮೇಲೆ ಫೋಮ್ ಚೂರು ಕೊಟ್ಟು ಸರಿಪಡಿಸಲು ಹೋಗಿ ದಿನ ಕಳೆಯುತ್ತದೆ. ಮೂಲೆಗಳಿಂದ ಶುರುಮಾಡಿ ಗೋಡೆಯ ನಡುವಿನತ್ತ ಬನ್ನಿ. ಎರಡನೇ ವರಸೆಯ ಕೀಲು ಮೊದಲನೆಯದರ ಮೇಲೆ ಬರದಂತೆ, ಆದರೆ ಪ್ಲಾಸ್ಟಿಕ್ ಪಟ್ಟಿಗಳು ಒಂದರ ಮೇಲೊಂದು ನೇರ ನಿಲ್ಲುವಂತೆ ಕೂರಿಸಿ. ಉದ್ದ ಹೊಂದದೆ ಎಲ್ಲಾದರೂ ಕತ್ತರಿಸಿದ ಕೀಲುಗಳು ಒಂದೇ ಗೆರೆಗೆ ಬಂದರೆ ಆ ಗೆರೆಯ ಎರಡೂ ಬದಿಗೆ ಮರದ ಪಟ್ಟಿ ಸ್ಕ್ರೂ ಹಾಕಿ ಬಿಗಿಯಿರಿ. ಹೆಚ್ಚಿನ ಅಚ್ಚುಗಳು ಒಡೆಯುವುದು ಇಲ್ಲೇ. ಉಳಿದವು ಮೂಲೆಯಲ್ಲಿ, ಕಿಟಕಿ ಚೌಕಟ್ಟಿನ ಪಕ್ಕದಲ್ಲಿ, ಪಂಪಿನ ಪೈಪು ನೇರ ಬೀಳುವ ಕಡೆ.

ಅಡ್ಡ ಕಂಬಿಗಳನ್ನು ಪ್ಲಾಸ್ಟಿಕ್ ಪಟ್ಟಿಯ ಕಚ್ಚುಗಳಲ್ಲಿ ಕೂರಿಸಿ, ಒಂದು ವರಸೆಗೆ ಒಂದು ಕಚ್ಚು, ಮುಂದಿನದಕ್ಕೆ ಪಕ್ಕದ ಕಚ್ಚು. ನಿಂತ ಕಂಬಿಯನ್ನು ಕೊನೆಗೆ ಮೇಲಿನಿಂದ ಇಳಿಸಿದಾಗ ಅದು ಅಡ್ಡ ಕಂಬಿಗಳ ನಡುವೆ ಹೆಣೆದುಕೊಂಡು ನಿಲ್ಲುತ್ತದೆ. ಒಳಬದಿಯಲ್ಲಿ ಸುಮಾರು ಆರು ಅಡಿಗೊಂದು ಉಕ್ಕಿನ ಆಸರೆ, ಮೂಲೆಯಿಂದ ಎರಡು ಅಡಿಯೊಳಗೆ ಒಂದು, ಕಿಟಕಿ–ಬಾಗಿಲಿನ ಎರಡೂ ಬದಿಗೆ ಒಂದೊಂದು. ನೆತ್ತಿಗೆ ದಾರ ಕಟ್ಟಿ, ಆಸರೆಯ ತಿರುಪು ತಿರುಗಿಸಿ ಸುರಿಯುವ ಮೊದಲೂ ಸುರಿದ ತಕ್ಷಣವೂ ಗೋಡೆ ನೇರ ಮಾಡಿ. ಕಾಂಕ್ರೀಟ್ ಬಿಗಿದ ಮೇಲೆ ಗೋಡೆ ಅಲುಗಾಡುವುದಿಲ್ಲ. ನೀರು, ಕರೆಂಟಿನ ಪೈಪುಗಳ ತೂತನ್ನೂ ಮೊದಲೇ ಇಟ್ಟಿರಬೇಕು.

6 ಇಂಚಿನ ನಡುಜಾಗಕ್ಕೆ 10 ಮಿ.ಮೀ. ಜಲ್ಲಿ, 5ರಿಂದ 6 ಇಂಚಿನ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂಬ ಅಳತೆ) ಇರಲಿ. ಸೈಟಿನಲ್ಲಿ ಲಾರಿಗೆ ನೀರು ಹಾಕಿ ತೆಳ್ಳಗೆ ಮಾಡಿಸುವವರನ್ನು ತಡೆಯಿರಿ. ಶಕ್ತಿಯೂ ಹೋಗುತ್ತದೆ, ಒತ್ತಡವೂ ಏರುತ್ತದೆ. ಒಂದು ಇಂಚಿನ ಸಣ್ಣ ವೈಬ್ರೇಟರನ್ನು ಬೇಗ ಇಳಿಸಿ ನಿಧಾನ ಎತ್ತಿ. ವೈಬ್ರೇಟರ್ ಹಾಕಿದರೆ ಒಡೆಯುತ್ತದೆಂದು ಬಿಟ್ಟುಬಿಡುವುದು ದೊಡ್ಡ ತಪ್ಪು. ಸಾಮಾನ್ಯ ಗೋಡೆಯಲ್ಲಿ ಶಟರಿಂಗ್ ಬಿಚ್ಚಿದಾಗ ಜೇನುಗೂಡಿನಂತೆ ತೂತುಬಿದ್ದ ಭಾಗ ಕಣ್ಣಿಗೆ ಕಾಣುತ್ತದೆ, ಇಲ್ಲಿ ಫೋಮ್ ಅದನ್ನು ಮುಚ್ಚಿಡುತ್ತದೆ. ಕಂಬಿ ಒತ್ತಾಗಿರುವ ಕಡೆ, ಕಿಟಕಿಯ ಕೆಳಗೆ, ಗಟ್ಟಿಯಾದ ಮೇಲೆ ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಫೋಮ್ ಕತ್ತರಿಸಿ ಪರೀಕ್ಷಿಸಿ, ತುಂಬಿಸಿ.

ಇಷ್ಟಾದರೂ ಒಡೆದರೆ? ಆ ಜಾಗಕ್ಕೆ ಸುರಿಯುವುದನ್ನು ತಕ್ಷಣ ನಿಲ್ಲಿಸಿ ಪಂಪನ್ನು ಬೇರೆ ಕಡೆ ಒಯ್ಯಿರಿ. ಹೊರಬಂದ ಕಾಂಕ್ರೀಟ್ ತೆಗೆದು, ಫೋಮ್ ಒಳಗೆ ತಳ್ಳಿ, ಎರಡಡಿ ಚೌಕದ ಪ್ಲೈವುಡ್ಡನ್ನು ಅಕ್ಕಪಕ್ಕದ ಪ್ಲಾಸ್ಟಿಕ್ ಪಟ್ಟಿಗಳಿಗೆ ಸ್ಕ್ರೂ ಹಾಕಿ ಹೊರಗಿನಿಂದ ಮರದ ಆಸರೆ ಕೊಡಿ. ಪ್ಲೈವುಡ್, ಸ್ಕ್ರೂ, ಡ್ರಿಲ್ ಒಬ್ಬನ ಕೈಯಲ್ಲಿ ಸಿದ್ಧವಿರಲಿ, ಅವನಿಗೆ ಆ ದಿನ ಬೇರೆ ಕೆಲಸ ಬೇಡ.

ಪ್ರಶ್ನೆ: 30 × 40 ಅಡಿಯ, ಎಂಟಡಿ ಎತ್ತರದ ನೆಲಮಾಳಿಗೆಗೆ ಎಷ್ಟು ಬ್ಲಾಕ್, ಎಷ್ಟು ಕಾಂಕ್ರೀಟ್ ಬೇಕು?

ಉತ್ತರ: ಸುತ್ತಳತೆ 140 ಅಡಿ, ಎತ್ತರ ಆರು ವರಸೆ, ಒಟ್ಟು 1,120 ಚದರ ಅಡಿ. ಒಂದು ಬ್ಲಾಕಿಗೆ 5.33 ಚದರ ಅಡಿ ಹಿಡಿದರೆ ಸುಮಾರು 210 ಬ್ಲಾಕಿನಷ್ಟು ಗೋಡೆ. ಇದರಲ್ಲಿ ಮೂಲೆಯವು 24. ಎಡ–ಬಲ ಬೇರೆ ಬೇರೆ ಇರುವ ತಯಾರಿಕೆಯಾದರೆ 12 ಎಡ, 12 ಬಲ. ನಡುಜಾಗ 8 ಇಂಚಾದರೆ ಕಾಂಕ್ರೀಟ್ ಸುಮಾರು 28 ಘನ ಗಜ, 6 ಇಂಚಾದರೆ 21. ಕಿಟಕಿ ಕಳೆಯಬೇಡಿ, ಅದು ವ್ಯರ್ಥವಾಗುವುದಕ್ಕೆ ಸರಿಹೋಗುತ್ತದೆ. ದಪ್ಪವನ್ನೂ ಕಂಬಿಯನ್ನೂ ಮಣ್ಣಿನ ಒತ್ತಡ ನೋಡಿ ಎಂಜಿನಿಯರ್ ನಿರ್ಧರಿಸಲಿ.

ಪ್ರಶ್ನೆ: ಹೊರಬದಿಗೆ ಡಾಂಬರು ಬಳಿದರೆ ಸಾಕೆ?

ಉತ್ತರ: ಬೇಡವೇ ಬೇಡ. ದ್ರಾವಕ ಬೆರೆತ ಡಾಂಬರು ಥರ್ಮೊಕೋಲನ್ನು ಕರಗಿಸಿಬಿಡುತ್ತದೆ. ಫೋಮಿಗೆಂದೇ ಮಾಡಿದ, ಅಂಟು ಹಾಳೆಯಂಥ ಜಲನಿರೋಧಕ ಹಚ್ಚಿ. ಅದರ ಪ್ರೈಮರ್ ಕೂಡ ನೀರಿನಲ್ಲಿ ಬೆರೆತದ್ದೇ ಇರಲಿ. ಮೇಲೆ ಉಬ್ಬುಗಳಿರುವ ಪ್ಲಾಸ್ಟಿಕ್ ಹಾಳೆ, ಬುಡದಲ್ಲಿ ಜಲ್ಲಿ ಸುತ್ತಿದ ಬಸಿಗೊಳವೆ. ನೆಲದ ಮೇಲೆ ಕಾಣುವ ಫೋಮಿಗೆ ಬಿಸಿಲು ತಾಗಿದರೆ ಹಳದಿಯಾಗಿ ಪುಡಿಯಾಗುತ್ತದೆ, ಅಲ್ಲಿಗೆ ಗಾರೆ ಲೇಪ ಬೇಕು. ಮೇಲಿನ ನೆಲದ ತೊಲೆಗಳು ಕೂತು ಗೋಡೆಯ ತಲೆ ಹಿಡಿಯುವ ಮೊದಲು ಮಣ್ಣು ತುಂಬಿಸಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಮನೆಯ ಪಾಯಕ್ಕೆ ಇದನ್ನು ಬಳಸಬಹುದೆ?

ಉತ್ತರ: ಬಳಸಲು ಅಡ್ಡಿಯಿಲ್ಲ, ಆದರೆ ನಾವು ಸಲಹೆ ಮಾಡುವುದಿಲ್ಲ. ಬೆಂಗಳೂರಿನ ವಾರ್ಷಿಕ ಸರಾಸರಿ ಉಷ್ಣಾಂಶ 24 ಡಿಗ್ರಿ ಆಸುಪಾಸು, ಮಣ್ಣಿನೊಳಗೂ ಹೆಚ್ಚುಕಡಿಮೆ ಅಷ್ಟೇ. ಹಾಗಿರುವಾಗ ನೆಲದಡಿ ಶಾಖ ತಡೆಯಲು ಹಣ ಸುರಿಯುವುದಕ್ಕೆ ಅರ್ಥವಿಲ್ಲ. ಆ ಹಣ ತಾರಸಿಯ ಶಾಖರೋಧಕಕ್ಕೆ ಹೋಗಲಿ. ಗೆದ್ದಲಿನ ಕಾಟ ಬೇರೆ. ಗೆದ್ದಲು ಫೋಮನ್ನು ತಿನ್ನುವುದಿಲ್ಲ, ಆದರೆ ಕೊರೆದು ಯಾರಿಗೂ ಕಾಣದ ದಾರಿ ಮಾಡಿಕೊಂಡು ಮೇಲಿನ ಬಾಗಿಲು–ಕಿಟಕಿಯ ಮರಕ್ಕೆ ಏರುತ್ತದೆ. ಅಮೆರಿಕದಲ್ಲೇ ಫ್ಲಾರಿಡಾ, ಜಾರ್ಜಿಯಾದಂಥ ಗೆದ್ದಲು ಹೆಚ್ಚಿರುವ ರಾಜ್ಯಗಳಲ್ಲಿ ಮಣ್ಣಿನಡಿ ಫೋಮ್ ಬಳಸಲು ನಿರ್ಬಂಧಗಳಿವೆ. ಕಲ್ಲಿನ ಅಥವಾ ಆರ್‌ಸಿಸಿ ಪಾಯ ಹಾಕಿ, ಭಾರತೀಯ ಮಾನಕ ಐಎಸ್ 6313ರಂತೆ ಗೆದ್ದಲು ನಿರೋಧಕ ಔಷಧವನ್ನು ಪಾಯದ ಹಂತದಲ್ಲೇ ಹೊಡೆಸಿ.