ಹೃದಯದ ತೊಂದರೆಯಿರುವ ನಾಯಿಗೆ ಮನೆಯ ಆರೈಕೆ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ 11 ವರ್ಷದ, 8 ಕೆ.ಜಿ. ತೂಕದ ಪೊಮೆರೇನಿಯನ್ ನಾಯಿ ಕೆಲವು ತಿಂಗಳುಗಳಿಂದ ರಾತ್ರಿ ಕೆಮ್ಮುತ್ತಿತ್ತು. ಹೃದಯದ ಎಡಗಡೆಯ ಕವಾಟ ಕೆಟ್ಟಿದೆ, ಹೃದಯ ಹಿಗ್ಗಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ವೈದ್ಯರು ತಿಳಿಸಿ ಪಿಮೊಬೆಂಡಾನ್, ಫ್ಯೂರೊಸೆಮೈಡ್ ಮತ್ತು ಎನಲಾಪ್ರಿಲ್ ಮಾತ್ರೆಗಳನ್ನು ಕೊಟ್ಟಿದ್ದಾರೆ. ಹೊಳೆಮತ್ತಿಯ ತೊಗಟೆಯ ಕಷಾಯ ಕುಡಿಸಿದರೆ ಮಾತ್ರೆಗಳೇ ಬೇಡ ಎಂದು ನೆಂಟರೊಬ್ಬರು ಹೇಳುತ್ತಾರೆ. ಇದು ಸರಿಯೇ? ಮನೆಯಲ್ಲಿ ಸಹಜವಾಗಿ ಏನೇನು ಮಾಡಬಹುದು?
– ಕಾಫಿ ಬೆಳೆಗಾರರೊಬ್ಬರು, ನಾಪೋಕ್ಲು

ಉತ್ತರ: ದಯವಿಟ್ಟು ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸಬೇಡಿ. ಸಣ್ಣ ತಳಿಯ ನಾಯಿಗಳಲ್ಲಿ ವಯಸ್ಸಾದಂತೆ ಎಡಗಡೆಯ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚದೆ ಹೋಗುತ್ತದೆ. ಮುಂದಕ್ಕೆ ಹೋಗಬೇಕಾದ ರಕ್ತದಲ್ಲಿ ಒಂದು ಪಾಲು ಪ್ರತಿ ಬಡಿತದಲ್ಲೂ ಹಿಂದಕ್ಕೆ ಸೋರುತ್ತದೆ. ಹೀಗೆ ಹಿಗ್ಗಿದ ಹೃದಯ ಉಸಿರುನಾಳವನ್ನು ಒತ್ತಿದಾಗ ಕೆಮ್ಮು ಬರುತ್ತದೆ, ಒತ್ತಡ ಶ್ವಾಸಕೋಶಕ್ಕೆ ತಲುಪಿದಾಗ ಅಲ್ಲಿ ನೀರು ಸೇರುತ್ತದೆ. ಕೆಟ್ಟ ಕವಾಟವನ್ನು ಯಾವ ಕಷಾಯವೂ ಮೊದಲಿನಂತೆ ಮಾಡಲಾರದು. ಆದರೆ ಮಾತ್ರೆಗಳು ದಿನಗಳನ್ನು ಗಳಿಸಿಕೊಡುತ್ತವೆ: ಹೃದಯ ಹಿಗ್ಗಿದ್ದರೂ ಇನ್ನೂ ನೀರು ತುಂಬದ ನಾಯಿಗಳಲ್ಲಿ ಹೃದಯದ ಬಡಿತಕ್ಕೆ ಬಲ ಕೊಡುವ ಪಿಮೊಬೆಂಡಾನ್ ನೀರು ತುಂಬುವ ಹಂತವನ್ನು ಸುಮಾರು 15 ತಿಂಗಳು ಮುಂದೂಡಿತು ಎಂಬುದನ್ನು 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನ ತೋರಿಸಿದೆ. ನಿಮ್ಮ ನಾಯಿಯಂತೆ ನೀರು ತುಂಬಿದ ಮೇಲೆಯೂ ಆ ಮಾತ್ರೆಯೇ ಚಿಕಿತ್ಸೆಯ ಆಧಾರ.

ಕಾವೇರಿ ದಂಡೆಯ ಹೊಳೆಮತ್ತಿಯನ್ನು, ಅಂದರೆ ಅರ್ಜುನ ಮರವನ್ನು, ಆಯುರ್ವೇದ ಮನುಷ್ಯರ ಹೃದಯದ ಕಾಯಿಲೆಗೆ ಬಹುಕಾಲದಿಂದ ಬಳಸಿದೆ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನಾಯಿಗೆ ಎಷ್ಟು ಕೊಡಬೇಕೆಂಬ ಖಚಿತ ಪ್ರಮಾಣವಿಲ್ಲ, ರಕ್ತನಾಳಗಳನ್ನು ಸಡಿಲಿಸುವ ಎನಲಾಪ್ರಿಲ್ ಜೊತೆ ಸೇರಿ ರಕ್ತದೊತ್ತಡ ಅತಿಯಾಗಿ ಇಳಿಯುವ ಸಾಧ್ಯತೆಯೂ ಇದೆ. ಕೊಡಲೇಬೇಕೆಂದಿದ್ದರೆ ನಿಮ್ಮ ವೈದ್ಯರಿಗೆ ಮೊದಲೇ ತಿಳಿಸಿ. ಮಾತ್ರೆ ನಿಲ್ಲಿಸಿ ಬರೀ ಕಷಾಯ ಕುಡಿಸಿದ್ದ ಮನೆಯೊಂದರಿಂದ, ಕತ್ತು ನೀಡಿ, ಮೊಣಕೈಗಳನ್ನು ಅಗಲಿಸಿ ಕುಳಿತು, ಮಲಗಲಾರದೆ ಏದುಸಿರು ಬಿಡುತ್ತಿದ್ದ ನಾಯಿಯನ್ನು ನನ್ನ ಬಳಿಗೆ ತಂದಿದ್ದರು. ಆ ದೃಶ್ಯ ನನಗೆ ಮರೆಯಲಾಗಿಲ್ಲ, ಅದಕ್ಕಾಗಿಯೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಸಹಜವಾದ ಪೂರಕಗಳಲ್ಲಿ ನಾನು ಧೈರ್ಯವಾಗಿ ಹೇಳುವುದು ಮೀನೆಣ್ಣೆಯನ್ನು. ಅದರಲ್ಲಿರುವ ಒಮೆಗಾ-3 ಕೊಬ್ಬು ಹಸಿವನ್ನು ಸುಧಾರಿಸಿ, ಈ ಕಾಯಿಲೆಯಲ್ಲಿ ಮೈ ಕರಗುವುದನ್ನು ತಡೆಯಲು ನೆರವಾಗುತ್ತದೆ. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 40 ಮಿ.ಗ್ರಾಂ ಇಪಿಎ ಮತ್ತು 25 ಮಿ.ಗ್ರಾಂ ಡಿಎಚ್‌ಎ (ಎರಡೂ ಒಮೆಗಾ-3 ಕೊಬ್ಬಿನ ಬಗೆಗಳು) ಎಂಬ ಲೆಕ್ಕವಿದೆ, 180 ಮಿ.ಗ್ರಾಂ ಇಪಿಎ, 120 ಮಿ.ಗ್ರಾಂ ಡಿಎಚ್‌ಎ ಇರುವ ಸಾಮಾನ್ಯ ಕ್ಯಾಪ್ಸೂಲ್ ಆದರೆ ನಿಮ್ಮ ನಾಯಿಗೆ ದಿನಕ್ಕೆ ಎರಡು ಸಾಕು. ಭೇದಿಯಾಗದಂತೆ ಒಂದರಿಂದ ಆರಂಭಿಸಿ, ವೈದ್ಯರ ಒಪ್ಪಿಗೆ ಪಡೆದು ಮುಂದುವರಿಸಿ. ಕಾಡ್ ಲಿವರ್ ಎಣ್ಣೆ ಬೇರೆಯೇ ವಸ್ತು. ಅದರಲ್ಲಿ ಎ ಮತ್ತು ಡಿ ವಿಟಮಿನ್‌ಗಳು ಹೆಚ್ಚಿರುವುದರಿಂದ ಅದು ಬೇಡ.

ಊಟದಲ್ಲಿ ಉಪ್ಪೇ ಮುಖ್ಯ. ಹಂದಿ ಕರಿಯ ಗೊಜ್ಜಿನಲ್ಲಿ ಕಲಸಿದ ಅನ್ನ, ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನು, ಬಿಸ್ಕತ್ತು, ಬ್ರೆಡ್ಡು, ಇವೆಲ್ಲದರಲ್ಲೂ ಉಪ್ಪಿದೆ. ಗೊಜ್ಜಿನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇದ್ದು ಅವು ನಾಯಿಗೆ ವಿಷ. ಮಸಾಲೆ ಹಾಕುವ ಮುನ್ನವೇ ನಾಯಿಯ ಪಾಲಿನ ಕೋಳಿ ಅಥವಾ ಹಂದಿ ಮಾಂಸವನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಕೊಬ್ಬು ತೆಗೆದು, ಬಿಸಿ ಅನ್ನದೊಡನೆ ಕಲಸಿ ಕೊಡಿ. ಮಾತ್ರೆಯನ್ನು ಬೇಯಿಸಿದ ಮೊಟ್ಟೆಯ ಚೂರಿನೊಳಗೆ ಅಡಗಿಸಿದರೆ ಸಾಕು. ಮೈಯ ಹೆಚ್ಚುವರಿ ನೀರನ್ನು ಮೂತ್ರದ ಮೂಲಕ ಹೊರಹಾಕುವ ಫ್ಯೂರೊಸೆಮೈಡ್ ಕೊಡುವಾಗ ನಾಯಿ ಹೆಚ್ಚು ನೀರು ಕುಡಿಯುವುದು, ಹೆಚ್ಚು ಮೂತ್ರ ಮಾಡುವುದು ಸಹಜ; ನೀರಿನ ಬಟ್ಟಲನ್ನು ಎಂದೂ ಎತ್ತಿಡಬೇಡಿ. ತಂಪಿಗೆಂದು ಎಳನೀರು ಕುಡಿಸುವವರಿದ್ದಾರೆ. ಅದರಲ್ಲಿ ಪೊಟ್ಯಾಸಿಯಂ ಬಹಳ, ಎನಲಾಪ್ರಿಲ್ ಕೂಡ ರಕ್ತದ ಪೊಟ್ಯಾಸಿಯಂ ಅನ್ನು ಏರಿಸಬಲ್ಲದು; ಆದ್ದರಿಂದ ರಕ್ತಪರೀಕ್ಷೆ ಆಗದೆ ಅಭ್ಯಾಸ ಮಾಡಿಸಬೇಡಿ.

ನಡಿಗೆ ಸಮತಟ್ಟಾದ ಕಣದಲ್ಲಿ ಸಾಕು. ತೋಟದ ಏರು ದಾರಿ ಬೇಡ. ಕುತ್ತಿಗೆಯ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸಿದರೆ ಕೆಮ್ಮು ಕೆರಳುವುದು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಒಲೆಯ ಬಳಿ ಮಲಗುವುದು ಅದಕ್ಕೆ ಇಷ್ಟವಿರಬಹುದು, ಆದರೆ ಹಸಿ ಸೌದೆಯ ಹೊಗೆ ಕೆಮ್ಮನ್ನು ಹೆಚ್ಚಿಸುವುದರಿಂದ ಹಾಸಿಗೆಯನ್ನು ಹೊಗೆ ತಾಗದ ಬೆಚ್ಚಗಿನ ಮೂಲೆಗೆ ಸರಿಸಿ.

ಎಲ್ಲಕ್ಕಿಂತ ಬೆಲೆಯುಳ್ಳ ಕೆಲಸಕ್ಕೆ ಕಾಸು ಖರ್ಚಿಲ್ಲ. ರಾತ್ರಿ ನಾಯಿ ಗಾಢ ನಿದ್ದೆಯಲ್ಲಿರುವಾಗ ಮುಟ್ಟದೆ ಪಕ್ಕದಲ್ಲಿ ಕುಳಿತು ಪಕ್ಕೆಯನ್ನು ನೋಡಿ. ಎದ್ದು ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ, ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡಿ. ನಿಮಿಷಕ್ಕೆ 30ರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಿದ್ದು, ಸ್ವಲ್ಪ ಹೊತ್ತಿನ ನಂತರ ಎಣಿಸಿದರೂ ಹಾಗೆಯೇ ಇದ್ದರೆ ಅಂದೇ ವೈದ್ಯರಿಗೆ ಫೋನ್ ಮಾಡಿ. 40 ದಾಟಿದರೆ, ವಸಡು ನೀಲಿಗಟ್ಟಿದರೆ ಅಥವಾ ನಾಯಿ ಕುಸಿದು ಬಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಜಡಿಮಳೆಯಲ್ಲಿ ಮಡಿಕೇರಿಯವರೆಗಿನ ದಾರಿ ಹೇಗಿರುತ್ತದೆಂದು ನಿಮಗೇ ಗೊತ್ತು. ಅಂಥ ಹೊತ್ತಿನಲ್ಲಿ ಹೊರಡುವ ಮುನ್ನ ಹೆಚ್ಚುವರಿ ಫ್ಯೂರೊಸೆಮೈಡ್ ಎಷ್ಟು ಕೊಡಬಹುದೆಂದು ವೈದ್ಯರಿಂದ ಈಗಲೇ ಬರೆಸಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಡಾಬರ್‌ಮನ್ ನಾಯಿಯ ಹೃದಯ ದುರ್ಬಲವಾಗಿದೆ. ಮಾಂಸ ಬಿಡಿಸಿ ಬೇಳೆ, ಅನ್ನ ಮಾತ್ರ ಕೊಡಬಹುದೇ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಬೇಡ. ಹೃದಯದ ಸ್ನಾಯುವಿಗೆ ಬೇಕಾದ ಟಾರಿನ್ ಎಂಬ ಅಂಶ ಸಿಗುವುದು ಮಾಂಸ, ಮೀನುಗಳಿಂದ. ಬೇಳೆಯಲ್ಲಿ ಅದು ಇಲ್ಲವೆಂದೇ ಹೇಳಬೇಕು. ಬಟಾಣಿ, ಬೇಳೆಗಳೇ ಹೆಚ್ಚಾಗಿರುವ ಸಿದ್ಧ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವುದಕ್ಕೂ ಸಂಬಂಧವಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಆರಂಭಿಸಿತ್ತು. ಉಪ್ಪಿಲ್ಲದೆ ಬೇಯಿಸಿದ ಕೋಳಿಯನ್ನು, ಅದರ ಹೃದಯದ ತುಂಡುಗಳನ್ನೂ ಸೇರಿಸಿ, ನೀವು ನಿಶ್ಚಿಂತೆಯಿಂದ ಕೊಡಬಹುದು.