ಸಂಪಾದಕರ ಉತ್ತರ: ಇತಿಹಾಸ ವಿಭಾಗದ ಸಾಧನೆಯನ್ನು ಎಲ್ಲಿ ಹುಡುಕಬೇಕು?

ರಾಣೆಬೆನ್ನೂರು ತಾಲ್ಲೂಕಿನ ರೈತರೊಬ್ಬರು ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಹಾಕಿಲ್ಲ. ವಿಶ್ವವಿದ್ಯಾಲಯದ ಇತಿಹಾಸ ವಿಭಾಗವೊಂದರ ವರ್ಷದ ಸಾಧನೆಗೆ ಕಳೆದ ಸಂಚಿಕೆಯಲ್ಲಿ ನಾವು ಎರಡು ಪುಟ ಕೊಟ್ಟಿದ್ದು ಅವರಿಗೆ ಬೇಸರ ತಂದಿದೆ. “ಇಷ್ಟು ಜನರಿಗೆ ಪಿಎಚ್.ಡಿ., ಇಷ್ಟು ಚಿನ್ನದ ಪದಕ, ಇಷ್ಟು ವಿಚಾರ ಸಂಕಿರಣ ಎಂದು ಬರೆದಿದ್ದೀರಿ. ಇದರಲ್ಲಿ ನನ್ನ ಊರಿಗೆ ಬಂದು ಮುಟ್ಟಿದ್ದು ಏನು? ಪಿಎಚ್.ಡಿ. ಪ್ರಬಂಧಗಳೆಲ್ಲ ಕಪಾಟಿನಲ್ಲಿ ಧೂಳು ತಿನ್ನುತ್ತವೆ. ನಮ್ಮ ಕೆರೆಯ ಏರಿಯ ಮೇಲೆ ಅಕ್ಷರದ ಕಲ್ಲೊಂದು ನಿಂತಿದೆ. ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಆಕಳು–ಕರು ಇವೆ. ನನಗೆ ತಿಳಿದಂತೆ ಯಾವ ಪ್ರೊಫೆಸರೂ ಬಂದು ನೋಡಿಲ್ಲ. ನನ್ನ ಮಗಳು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಳೆ. ಅವಳಿಗೂ ನಾಳೆ ಒಂದು ಪದಕ ಬಂದರೆ ಅದನ್ನು ಏನು ಮಾಡಬೇಕು? ಅದರಿಂದ ನೌಕರಿ ಸಿಗುತ್ತದೆಯೇ?” ಇದು ಪತ್ರದ ಸಾರಾಂಶ.

ಮಾನ್ಯರೆ,

ತಮ್ಮ ಪ್ರಶ್ನೆ ನೇರವಾಗಿದೆ, ಉತ್ತರವೂ ಹಾಗೆಯೇ ಇರಲಿ. ಇತಿಹಾಸ ವಿಭಾಗದ ಸಾಧನೆ ಎಂದರೆ ಯಾರೂ ಓದಲಾಗದೆ ಬಿದ್ದಿದ್ದ ಒಂದು ಆಕರವನ್ನು ಎಲ್ಲರೂ ಓದುವಂತೆ ಮಾಡಿಕೊಡುವುದು. ಪದಕ, ಪದವಿ, ಬಡ್ತಿಗಳೆಲ್ಲ ಆ ಕೆಲಸದ ಸುತ್ತ ಬೆಳೆದುಕೊಂಡವು. ಈ ಅಳತೆಯಲ್ಲಿ ನೋಡಿದರೆ ನಮ್ಮ ವಿಶ್ವವಿದ್ಯಾಲಯಗಳು ಮಾಡಿರುವುದು ಸಣ್ಣ ಕೆಲಸವಲ್ಲ. ತಮ್ಮ ಕೆರೆಗೂ ಅದಕ್ಕೂ ಸಂಬಂಧವಿದೆ.

ತಮಗೆ ಹತ್ತಿರದ ಧಾರವಾಡವನ್ನೇ ತೆಗೆದುಕೊಳ್ಳುತ್ತೇನೆ. ಅಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾದದ್ದು 1939ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಉದಕಮಂಡಲದ ಕೇಂದ್ರ ಶಾಸನ ಕಚೇರಿಯಲ್ಲಿ ಪಳಗಿದ ಪಿ.ಬಿ. ದೇಸಾಯಿಯವರು ಅಲ್ಲಿಗೆ ಬಂದ ಮೇಲೆ ಇತಿಹಾಸದ ಪಾಠ ತರಗತಿಯ ಗೋಡೆ ದಾಟಿ ಹಳ್ಳಿಯ ದೇವಸ್ಥಾನದ ಅಂಗಳಕ್ಕೆ, ಕೆರೆಯ ಏರಿಗೆ ಬಂದಿತು. ಶ್ರೀನಿವಾಸ ರಿತ್ತಿ, ಬಿ.ಆರ್. ಗೋಪಾಲ್ ಅವರ ಜೊತೆ ಸೇರಿ ಅವರು ಪ್ರಾಗಿತಿಹಾಸದಿಂದ ಏಕೀಕರಣದವರೆಗಿನ ಕರ್ನಾಟಕದ ಇತಿಹಾಸವನ್ನು 1970ರಲ್ಲಿ ಒಂದೇ ಸಂಪುಟದಲ್ಲಿ ತಂದರು. ಆಗ ಈ ರಾಜ್ಯದ ಹೆಸರು ಇನ್ನೂ ಮೈಸೂರು. ಅಧಿಕೃತವಾಗಿ ಕರ್ನಾಟಕ ಎಂದಾಗಲು ಇನ್ನೂ ಮೂರು ವರ್ಷ ಬೇಕಿತ್ತು.

ಇನ್ನು ಕೆರೆಯ ಮಾತು. ಅದೇ ವಿಶ್ವವಿದ್ಯಾಲಯದಲ್ಲಿದ್ದ ಜಿ.ಎಸ್. ದೀಕ್ಷಿತರು ಮಧ್ಯಕಾಲದ ಕರ್ನಾಟಕದ ಸ್ಥಳೀಯ ಆಡಳಿತದ ಬಗ್ಗೆ 1964ರಲ್ಲಿ ಪುಸ್ತಕ ಪ್ರಕಟಿಸಿದರು. ಅಗ್ರಹಾರದ ಬ್ರಾಹ್ಮಣರ ಸಭೆಯಾದ ಮಹಾಜನರು, ಊರಿನ ಮುಖ್ಯಸ್ಥರಾದ ಗಾವುಂಡರು, ವರ್ತಕರ ಸಂಘಗಳು ತಮ್ಮ ವ್ಯವಹಾರವನ್ನು ಹೇಗೆ ನಡೆಸುತ್ತಿದ್ದರು ಎಂಬುದನ್ನು ಅವರು ಹೆಕ್ಕಿ ತೆಗೆದದ್ದು ಹೆಚ್ಚಾಗಿ ತಮ್ಮೂರಿನಂತಹ ಊರುಗಳ ಕಲ್ಲುಗಳಿಂದ. ಜಿ.ಆರ್. ಕುಪ್ಪುಸ್ವಾಮಿಯವರು 973ರಿಂದ 1336ರವರೆಗಿನ ಕರ್ನಾಟಕದ ಆರ್ಥಿಕ ಸ್ಥಿತಿಗತಿಯ ಬಗ್ಗೆ ಬರೆದ ಅಧ್ಯಯನವನ್ನು 1975ರಲ್ಲಿ ವಿಶ್ವವಿದ್ಯಾಲಯವೇ ಪ್ರಕಟಿಸಿತು. ಇವರಿಬ್ಬರೂ ಎಸ್.ಕೆ. ಮೋಹನ್ ಅವರೊಂದಿಗೆ ಸೇರಿ 1993ರಲ್ಲಿ ಕರ್ನಾಟಕದ ಕೆರೆ ನೀರಾವರಿಯ ಚರಿತ್ರೆಯನ್ನು ಹೊರತಂದರು. ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ಶಾಸನಗಳಲ್ಲಿ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳಿವೆ. ಹೂಳು ಹೊರುವ ಬಂಡಿಯ ಖರ್ಚಿಗೆಂದೇ ಹೊಲ ಬಿಟ್ಟ ಉದಾಹರಣೆಗಳೂ ಇವೆ. ಇಂದು ಹೂಳೆತ್ತುವ ಹೊಣೆ ಯಾರದು ಎಂದು ಗ್ರಾಮಸಭೆಯಲ್ಲಿ ವಾದ ನಡೆಯುತ್ತದೆಯಲ್ಲವೇ? ಆ ಹೊಣೆಗೆ ಹಣದ ಮೂಲವನ್ನೂ ಗೊತ್ತುಮಾಡಿ ಕಲ್ಲಿನಲ್ಲಿ ಬರೆಸಿಟ್ಟವರು ನಮ್ಮ ಹಿಂದಿನವರು. ಇದು ನಮಗೆ ತಿಳಿದಿದ್ದರೆ ಆ ಕಲ್ಲುಗಳನ್ನು ಒಂದೊಂದಾಗಿ ಓದಿದವರು ಇದ್ದರು ಎಂಬುದೇ ಕಾರಣ.

ಓದುವುದು ಎಂದರೆ ಏನು ಎಂಬುದನ್ನೂ ಹೇಳಬೇಕು, ಏಕೆಂದರೆ ಸಾಧನೆಯ ಪಟ್ಟಿಗಳಲ್ಲಿ ಈ ದುಡಿಮೆ ಕಾಣುವುದೇ ಇಲ್ಲ. ಮೊದಲು ಕಲ್ಲಿಗೆ ನೀರು ಹಾಕಿ, ಬ್ರಷ್ಷಿನಿಂದ ಉಜ್ಜಿ, ಪಾಚಿ ಮತ್ತು ಮಣ್ಣು ತೆಗೆಯಬೇಕು. ತೇವ ಮಾಡಿದ ಕಾಗದವನ್ನು ಗುಳ್ಳೆ ಏಳದಂತೆ ಅದರ ಮೇಲೆ ಹಾಸಬೇಕು. ಮತ್ತೊಂದು ಬ್ರಷ್ಷಿನಿಂದ ಹದವಾಗಿ ಕುಟ್ಟುತ್ತಾ ಹೋದರೆ ಕಾಗದ ಅಕ್ಷರದ ಕೊರೆತದೊಳಕ್ಕೆ ಇಳಿಯುತ್ತದೆ. ಅದು ಅರೆ ಒಣಗಿದಾಗ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೇಲೆ ಮೇಲೆ ಒತ್ತಬೇಕು. ಕಲ್ಲಿನ ಮೈ ಕಪ್ಪಾಗಿ, ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಗಾಳಿ ಬೀಸಿದರೆ ಕಾಗದ ಹರಿಯುತ್ತದೆ, ಬಿಸಿಲು ಏರಿದರೆ ಮಸಿ ಹಾಕುವ ಮುನ್ನವೇ ಒಣಗಿ ಕಳಚಿಕೊಳ್ಳುತ್ತದೆ. ಇಷ್ಟಾದ ಮೇಲೆ ಶುರುವಾಗುವುದು ನಿಜವಾದ ಕಷ್ಟ. ಸವೆದ ಸಾಲಿನಲ್ಲಿ ‘ವ’ ಇದೆಯೋ ‘ಮ’ ಇದೆಯೋ ಎಂದು ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಊರಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ದಾನದ ಹೊಲ ಬೇರೆ ಊರಿಗೆ ಹೋಗಿಬಿಡುತ್ತದೆ. ಮೇಷ್ಟ್ರ ಪಕ್ಕದಲ್ಲಿ ಕುಳಿತು ಹೀಗೆ ಕಣ್ಣು ಪಳಗಿಸಿಕೊಂಡ ವಿದ್ಯಾರ್ಥಿಯೇ ಮುಂದೆ ತಾನೂ ಮೇಷ್ಟ್ರಾಗುವುದು. ಪುಸ್ತಕ ನೋಡಿಕೊಂಡು ಮಾತ್ರ ಈ ವಿದ್ಯೆ ಬರುವುದಿಲ್ಲ.

ಮೈಸೂರಿನ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನವನ್ನು 1936ರಲ್ಲಿ ಲೋಕದ ಗಮನಕ್ಕೆ ತಂದವರು ಎಂ.ಎಚ್. ಕೃಷ್ಣ. ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಹೌದು, ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಹೌದು. ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಅವರು ಅಗೆದು ನೋಡಿದ ಮೇಲೆಯೇ 1947ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿಗೆ ಬಂದದ್ದು. ವೀಲರ್ ಹೆಸರು ಎಲ್ಲ ಪಠ್ಯಗಳಲ್ಲೂ ಸಿಗುತ್ತದೆ. ಕೃಷ್ಣ ಅವರ ಹೆಸರಿಗೂ ಅಷ್ಟೇ ಜಾಗ ಸಲ್ಲಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮತ್ತೆ ಧಾರವಾಡಕ್ಕೆ ಬರುತ್ತೇನೆ. ಷ. ಶೆಟ್ಟರ್ ಅವರು ಅಲ್ಲಿ ಹಲವು ದಶಕ ಪಾಠ ಹೇಳಿದರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿಧಿಗಳನ್ನು, ಅಂದರೆ ವ್ರತ ಹಿಡಿದು ದೇಹ ಬಿಟ್ಟ ಜೈನರ ನೆನಪಿನ ಕಲ್ಲುಗಳನ್ನು, ಹಿಡಿದು ಜೈನರು ಸಾವನ್ನು ಬರಮಾಡಿಕೊಂಡ ಬಗೆಯನ್ನು ಅವರು ಎರಡು ಪುಸ್ತಕಗಳಲ್ಲಿ ವಿವರಿಸಿದರು. ಆದರೆ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಹೊಯ್ಸಳ ಶಿಲ್ಪಿಗಳ ಬಗ್ಗೆ ಅವರು ಮಾಡಿದ ಕೆಲಸ. ಬೇಲೂರಿನ ಮದನಿಕೆಯರನ್ನು ತಲೆಯೆತ್ತಿ ನೋಡುವವರು ಸಾವಿರಾರು ಜನ. ಪೀಠದ ಕೆಳಗಿನ ಸಣ್ಣ ಅಕ್ಷರಗಳನ್ನು ನೋಡುವವರು ಎಷ್ಟು ಮಂದಿ? ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರನ್ನು ಅಲ್ಲಿ ಕೊರೆದಿಟ್ಟಿದ್ದಾರೆ. ಬಳ್ಳಿಗಾವೆ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ, ತಮ್ಮ ಕಡೆಯಿಂದ ದೂರವೇನಲ್ಲ. ಇಂತಹ ಸಹಿಗಳನ್ನು ಗುಡಿಯಿಂದ ಗುಡಿಗೆ ಹುಡುಕಿ, ಒಂದಕ್ಕೊಂದು ಹೊಂದಿಸಿ ನೋಡಿದಾಗ ಯಾವ ಶಿಲ್ಪಿ ಎಲ್ಲೆಲ್ಲಿ ದುಡಿದ ಎಂಬುದು ತಿಳಿಯಿತು. ರಾಜನ ಹೆಸರಿನಲ್ಲಿ ಮಾತ್ರ ನಿಂತಿದ್ದ ಗುಡಿಗಳು ಕೆಲಸ ಮಾಡಿದವರ ಹೆಸರಿನಲ್ಲೂ ನಿಂತವು. 2020ರ ಫೆಬ್ರವರಿಯಲ್ಲಿ ತೀರಿಕೊಳ್ಳುವ ಹೊತ್ತಿಗೂ ಶೆಟ್ಟರ್ ಬರೆಯುತ್ತಲೇ ಇದ್ದರು. ಕೊನೆಯ ಹದಿನೈದು ವರ್ಷಗಳಲ್ಲಿ ಅವರು ಕನ್ನಡದಲ್ಲೇ ದೊಡ್ಡ ಗ್ರಂಥಗಳನ್ನು ಕೊಟ್ಟದ್ದು ನಮ್ಮಂತಹ ಓದುಗರ ಪುಣ್ಯ.

ವಿದ್ಯಾರ್ಥಿಗಳ ಸಾಧನೆಯನ್ನು ಕೇಳಿದ್ದೀರಿ. ಪಿಎಚ್.ಡಿ. ಪ್ರಬಂಧಗಳೆಲ್ಲ ಕಪಾಟಿನಲ್ಲಿ ಧೂಳು ತಿನ್ನುತ್ತವೆ ಎಂಬ ತಮ್ಮ ಮಾತು ಎಲ್ಲಕ್ಕೂ ಹೊಂದುವುದಿಲ್ಲ. ಬಿ.ಎ. ಸಾಲೆತೊರೆಯವರು ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿ ವಿಜಯನಗರದ ಸಾಮಾಜಿಕ, ರಾಜಕೀಯ ಜೀವನದ ಬಗ್ಗೆ ಮಾಡಿದ ಸಂಶೋಧನೆ 1934ರಲ್ಲಿ ಎರಡು ಸಂಪುಟಗಳಾಗಿ ಬಂತು. ಆ ಕಾಲದ ಬಗ್ಗೆ ಬರೆಯುವವರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ. ಧಾರವಾಡದಲ್ಲಿ ಓದಿ, ಆಕಾಶವಾಣಿಯಲ್ಲಿ ದುಡಿದ ಜ್ಯೋತ್ಸ್ನಾ ಕಾಮತ್ ಅವರು ಮಧ್ಯಕಾಲದ ಕರ್ನಾಟಕದ ಊಟ, ಉಡುಗೆ, ಒಡವೆಗಳನ್ನು ಸಂಶೋಧನೆಯ ವಿಷಯವಾಗಿ ತೆಗೆದುಕೊಂಡರು. ಅವರ ಪುಸ್ತಕ 1980ರಲ್ಲಿ ಬಂತು. ಯುದ್ಧ, ವಂಶಾವಳಿಗಳೇ ಇತಿಹಾಸ ಎಂದುಕೊಂಡಿದ್ದವರಿಗೆ ಅಡುಗೆಮನೆಯೂ ಇತಿಹಾಸ ಎಂದು ತೋರಿಸಿದ ಕೆಲಸ ಅದು. ತಮ್ಮ ಮಗಳಿಗೆ ಅದನ್ನು ಖಂಡಿತ ಓದಿಸಿ. ವಿಶ್ವವಿದ್ಯಾಲಯದಲ್ಲಿ ಹುದ್ದೆ ಇದ್ದರೆ ಮಾತ್ರ ಇಂತಹ ಕೆಲಸ ಸಾಧ್ಯ ಎಂದೇನೂ ಇಲ್ಲ. ಉಡುಪಿಯ ಹತ್ತಿರದ ಕಲ್ಯಾಣಪುರದ ಪದವಿ ಕಾಲೇಜಿನಲ್ಲಿದ್ದ ಪಾದೂರು ಗುರುರಾಜ ಭಟ್ಟರು ತುಳುನಾಡಿನ ದೇವಸ್ಥಾನ, ಮೂರ್ತಿ, ಶಾಸನಗಳನ್ನು ಊರೂರು ತಿರುಗಿ ದಾಖಲಿಸಿದರು. 1975ರಲ್ಲಿ ಅಚ್ಚಾದ ಅವರ ಗ್ರಂಥವನ್ನು ಬಿಟ್ಟು ತುಳುನಾಡಿನ ಇತಿಹಾಸ ಬರೆಯಲು ಬರುವುದಿಲ್ಲ.

ತಮ್ಮ ಸಿಟ್ಟಿನಲ್ಲಿ ನಾನು ಪೂರ್ತಿಯಾಗಿ ಒಪ್ಪುವ ಒಂದು ಭಾಗವಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2010ರ ನಿಯಮಾವಳಿ ಅಧ್ಯಾಪಕರ ದುಡಿಮೆಗೆ ಅಂಕದ ಲೆಕ್ಕ ತಂದಿತು. ಲೇಖನಕ್ಕೆ ಇಷ್ಟು, ಸಂಕಿರಣಕ್ಕೆ ಇಷ್ಟು ಎಂದು ಎಣಿಸತೊಡಗಿದ ಮೇಲೆ ಬೇಗ ಮುಗಿಯುವ ಕೆಲಸಕ್ಕೆ ಬೆಲೆ ಬಂತು. ನಿಧಾನವಾಗಿ ಮಾಗುವ ಕೆಲಸ ಹಿಂದೆ ಬಿತ್ತು. ಬಿಸಿಲಲ್ಲಿ ನಿಂತು ತೆಗೆದ ಶಾಸನದ ಅಚ್ಚಿಗಿಂತ ಹವಾನಿಯಂತ್ರಿತ ಸಭಾಂಗಣದಲ್ಲಿ ಓದಿದ ಆರು ಪುಟದ ಪ್ರಬಂಧ ಹೆಚ್ಚು ಲಾಭ ತರುವಂತಾದರೆ ಯುವ ಅಧ್ಯಾಪಕರು ಯಾವುದನ್ನು ಆರಿಸಿಕೊಳ್ಳಬೇಕು? ಕಾಯಂ ಹುದ್ದೆಗಳು ಖಾಲಿ ಬಿದ್ದು, ಅತಿಥಿ ಉಪನ್ಯಾಸಕರು ವರ್ಷದಿಂದ ವರ್ಷಕ್ಕೆ ನೇಮಕದ ಆದೇಶಕ್ಕಾಗಿ ಕಾಯುವ ಕಡೆ ಹತ್ತು ವರ್ಷ ಹಿಡಿಯುವ ಸಂಶೋಧನೆಯನ್ನು ಯಾರು ಕೈಗೆತ್ತಿಕೊಳ್ಳಬೇಕು? ವಿಭಾಗಗಳನ್ನು ಬೈಯುವ ಮುನ್ನ ಈ ಪ್ರಶ್ನೆಯನ್ನು ಸರ್ಕಾರಕ್ಕೆ ಕೇಳಬೇಕು. ನಾವು ಕೇಳುತ್ತಲೇ ಇದ್ದೇವೆ, ಮುಂದೆಯೂ ಕೇಳುತ್ತೇವೆ.

ತಮ್ಮ ಏರಿಯ ಮೇಲಿನ ಕಲ್ಲಿನ ಬಗ್ಗೆ. ಸೂರ್ಯ ಚಂದ್ರರು ಇರುವವರೆಗೆ ದಾನ ನಡೆಯಲಿ ಎಂಬ ಆಶಯದಿಂದ ಆ ಚಿತ್ರಗಳನ್ನು ಕೊರೆಯುತ್ತಿದ್ದರು. ಆದ್ದರಿಂದ ಅದು ದಾನಶಾಸನ ಆಗಿರುವ ಸಂಭವ ಹೆಚ್ಚು. ಯಾರೂ ನೋಡಿಲ್ಲ ಎಂದು ಈಗಲೇ ತೀರ್ಮಾನಿಸಬೇಡಿ. ಹಿಂದೆ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗಳ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ ಅಚ್ಚಾಗಿವೆ. ಪ್ರತಿ ಶಾಸನಕ್ಕೂ ಊರು, ತಾಲ್ಲೂಕಿನ ಹೆಸರು ಕೊಟ್ಟಿರುತ್ತಾರೆ. ತಮ್ಮ ತಾಲ್ಲೂಕು ಇರುವ ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಮೊದಲು ಅದು ಧಾರವಾಡ ಜಿಲ್ಲೆಯಲ್ಲಿತ್ತು. ಹಾಗಾಗಿ ತಮ್ಮ ಊರನ್ನು ಧಾರವಾಡ ಜಿಲ್ಲೆಯ ಕೆಳಗೆ ಹುಡುಕಬೇಕು. ತಮ್ಮ ಮಗಳೇ ತನ್ನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇದನ್ನು ಮಾಡಬಹುದು. ಸಿಗದಿದ್ದರೆ ಬೆಳಿಗ್ಗೆ ಅಥವಾ ಸಂಜೆ, ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದು ವಿಭಾಗಕ್ಕೆ ಕೊಡಲಿ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ. ದಯವಿಟ್ಟು ಸುಣ್ಣ ಬಳಿಯಲು, ಬಣ್ಣ ತುಂಬಲು, ತಂತಿ ಬ್ರಷ್ಷಿನಿಂದ ಉಜ್ಜಲು ಯಾರಿಗೂ ಬಿಡಬೇಡಿ. ಏರಿಯ ದುರಸ್ತಿ ನಡೆಯುವಾಗ ಜೆಸಿಬಿ ಓಡಿಸುವವರಿಗೆ ಆ ಕಲ್ಲನ್ನು ಮೊದಲೇ ತೋರಿಸಿಡಿ. ನಮ್ಮ ಎಷ್ಟೋ ಶಾಸನಗಳು ಹೋದದ್ದೇ ಹಾಗೆ.

ಮಗಳ ನೌಕರಿಯ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಎಂ.ಎ. ಇತಿಹಾಸ ಮುಗಿಸಿದವರಿಗೆಲ್ಲ ಕೆಲಸ ಕಾದಿರುವುದಿಲ್ಲ. ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆಸೆಟ್ ಬರೆಯಲಿ, ಬಿ.ಎಡ್. ಕೂಡ ಕೈಯಲ್ಲಿರಲಿ. ಇವುಗಳ ಜೊತೆಗೆ ಬೇರೆಯವರಿಗೆ ಬಾರದ ಒಂದು ಲಿಪಿಯನ್ನೋ ಭಾಷೆಯನ್ನೋ ಕಲಿಯಲಿ ಎಂದು ಒತ್ತಿ ಹೇಳುತ್ತೇನೆ. ಹಳಗನ್ನಡ ಶಾಸನಗಳನ್ನು ಓದುವವರೇ ಕಡಿಮೆಯಾಗುತ್ತಿದ್ದಾರೆ. ಪೇಶ್ವೆಯರ, ಪಟವರ್ಧನರ ಕಾಲದಲ್ಲಿ ಮೋಡಿ ಎಂಬ ಮರಾಠಿಯ ಹಳೆಯ ಕೂಡುಬರಹದ ಲಿಪಿಯಲ್ಲಿ ಬರೆದ ಕಾಗದಪತ್ರಗಳನ್ನು, ಆದಿಲಶಾಹಿ ಕಾಲದ ಪರ್ಷಿಯನ್ ಸನ್ನದುಗಳನ್ನು (ದಾನ, ಹಕ್ಕುಗಳ ಆದೇಶಪತ್ರಗಳನ್ನು) ನೇರವಾಗಿ ಓದಬಲ್ಲ ಕನ್ನಡದ ವಿದ್ಯಾರ್ಥಿಗಳು ಇನ್ನೂ ವಿರಳ. ಪತ್ರಾಗಾರಗಳಿಗೆ, ಸಂಗ್ರಹಾಲಯಗಳಿಗೆ, ಹಳೆಯ ದಫ್ತರ ಇಟ್ಟುಕೊಂಡ ಮಠಗಳಿಗೆ ಮತ್ತು ದೇಸಾಯಿ, ದೇಶಮುಖರ ವಾಡೆಗಳಿಗೆ ಬೇಕಾಗಿರುವುದು ಅಂಥವರೇ. ಮೋಡಿಯನ್ನು ಕಲಿಸುವವರು ಯಾರಿದ್ದಾರೆ ಎಂದು ಈ ಸೆಮಿಸ್ಟರ್ ಮುಗಿಯುವುದರೊಳಗೆ ತನ್ನ ಅಧ್ಯಾಪಕರನ್ನು ಆಕೆ ವಿಚಾರಿಸಲಿ.

– ಸಂಪಾದಕ